ಹಳೇ ಹೊಳೆಗೆ ಬಂದ ವಕೀಲ

ದಾದಾಪೀರನ ಟಂಟಂ ಆಟೋ ರೋಣ ಬಿಟ್ಟು ಮೆಣಸಗಿಯ ಹಾದಿ ಹಿಡಿದಾಗ ಹಿಂದಿನ ಸೀಟಿನಲ್ಲಿ ಮೂವರಿದ್ದರು. ಒಂದು ಕಡೆ ಲೀಲಾಬಾಯಿ, ಇನ್ನೊಂದು ಕಡೆ ಅವರ ಮಗಳು ಮಯೂರಿ, ನಡುವೆ ಅಪ್ಪನ ಆಸ್ತಿ ಎಂಬಂತೆ ಜಾಗ ಹಿಡಿದು ಕೂತ ವಕೀಲ. ವಕೀಲ ಅಂದರೆ ಕರಿ ಕೋಟಿನವರು ಯಾರೂ ಅಲ್ಲ, ನಾಯಿ. ಅರ್ಧ ಮುಧೋಳದ ಬೇಟೆನಾಯಿ, ಇನ್ನರ್ಧ ಯಾವ ಓಣಿಯದೋ ದೇವರೇ ಬಲ್ಲ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಮೂತಿಯ ಸುತ್ತ ಈಚೆಗೆ ನೆರೆತ ಕೂದಲು. ಹಾದಿಯ ಎರಡೂ ಬದಿಗೆ ಕಡಲೆ ಹೂಬಿಟ್ಟಿತ್ತು, ಬಿಳಿಜೋಳ ಎದೆಯುದ್ದ ನಿಂತಿತ್ತು. ವಕೀಲ ಅದ್ಯಾವುದನ್ನೂ ನೋಡದೆ ಮೂಗು ಮುಂದೆ ಚಾಚಿ ಗಾಳಿ ಕುಡಿಯುತ್ತಿದ್ದ.

ಈ ಪ್ರವಾಸಕ್ಕೆ ರಜೆ ಎಂದು ಹೆಸರು. ಮಯೂರಿ ನರಗುಂದದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾಳೆ, ಡಿಸೆಂಬರಿನ ರಜೆ ಬಿದ್ದಿತ್ತು. ಹಕ್ಕಿ ನೋಡಬೇಕು, ನೀರಿನ ದಂಡೆಯಲ್ಲಿ ಎರಡು ದಿನ ಸುಮ್ಮನೆ ಕೂರಬೇಕು, ಅಮ್ಮನಿಗೂ ಮನಸ್ಸು ಹಗುರಾಗಬೇಕು ಎಂದು ಅವಳು ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದೆಲ್ಲ ನಿಜವೇ. ಹೇಳದೆ ಉಳಿಸಿದ್ದು ಒಂದೇ: ಹೋಗುವಾಗ ಮೂವರು, ಬರುವಾಗ ಇಬ್ಬರು. ವಕೀಲನನ್ನು ಮೆಣಸಗಿಯ ತೋಟಪ್ಪನ ಹೊಲದಲ್ಲಿ ಬಿಟ್ಟುಬರುವುದೆಂದು ತಾಯಿ ಮಗಳು ಸೇರಿ ತೀರ್ಮಾನ ಮಾಡಿಯಾಗಿತ್ತು.

ವಕೀಲ ಜಯತೀರ್ಥರ ನಾಯಿ. ಜಯತೀರ್ಥರು ಲೀಲಾಬಾಯಿಯ ಯಜಮಾನರು, ಕೋರ್ಟಿನಲ್ಲಿ ಕ್ಲಾರ್ಕಾಗಿದ್ದವರು. ಮರಿಯನ್ನು ಮನೆಗೆ ತಂದ ದಿನ ಅದು ಬಿಟ್ಟೂಬಿಡದೆ ಬೊಗಳಿದ್ದನ್ನು ಕೇಳಿ, “ಫೀ ಇಲ್ಲದ ವಾದ ಮಾಡ್ಲಿಕ್ಕತ್ತಾನಲ್ಲ ಇಂವ” ಎಂದು ಆ ಹೆಸರಿಟ್ಟರು. ನಿವೃತ್ತಿಯಾದ ಮೇಲೆ ಅವರಿಗೂ ನಾಯಿಗೂ ಒಂದೇ ದಿನಚರಿ. ಅವರು ಪಡಸಾಲೆಯ ಕುರ್ಚಿಯಲ್ಲಿ, ಇವನು ಕುರ್ಚಿಯ ಬುಡದಲ್ಲಿ. ಲೀಲಾಬಾಯಿಗೆ ಅಡಿಗೆಮನೆ, ಮಡಿ, ದೇವರಪೂಜೆ. ಹೊಸ್ತಿಲಾಚೆ ನಿಂತ ನಾಯಿಗೆ ರೊಟ್ಟಿ ಹಾಕುವಷ್ಟೇ ಅವರ ಸಂಬಂಧ. ಮುಟ್ಟಿದರೆ ಮತ್ತೆ ಸ್ನಾನ, ಹಾಗಾಗಿ ಮುಟ್ಟಿದವರಲ್ಲ.

ಜಯತೀರ್ಥರು ತೀರಿಕೊಂಡ ಮೇಲೆ ವಕೀಲ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಊಟ ಬಿಡಲಿಲ್ಲ, ಬಾಗಿಲಲ್ಲಿ ಕೂತು ಗೋಳಾಡಲಿಲ್ಲ. ಕರೆದರೆ ಬರುವುದನ್ನಷ್ಟೇ ನಿಲ್ಲಿಸಿದ. ಬಾಗಿಲು ತೆರೆದರೆ ಹೊರಬಿದ್ದು ಗದಗದ ರಸ್ತೆಯ ನಟ್ಟನಡುವೆ ನಡೆಯುವನು. ಲಾರಿಯವರು ಬೈದರೂ ಅಷ್ಟೇ, ಮಯೂರಿ “ವಕೀಲಾ” ಎಂದು ಗಂಟಲು ಹರಿದುಕೊಂಡರೂ ಅಷ್ಟೇ, ಕಿವಿಯನ್ನು ಕೂಡ ಅಲುಗಿಸುತ್ತಿರಲಿಲ್ಲ. ಒಮ್ಮೆ ಮೋಟರ್‌ಸೈಕಲ್ಲು ತೊಡೆಗೆ ತಾಗಿ ಚರ್ಮ ಕಿತ್ತುಬಂತು. ಮಯೂರಿ ಬೆಳಗಿನ ಬಸ್ಸಿಗೆ ಹೋದರೆ ಮನೆಯಲ್ಲಿ ಲೀಲಾಬಾಯಿ ಒಬ್ಬರೇ, ಮೊಣಕಾಲು ನೋವಿನವರು, ನಾಯಿಯ ಹಿಂದೆ ಓಡುವುದು ಹೇಗೆ? ವರ್ಷಾಂತಿಕದ ತಿಥಿ ಮುಗಿಯುವ ತನಕ ಹೇಗೋ ತಡೆದರು. ಮುಗಿದ ಮೇಲೆ ಈ ಪ್ರಯಾಣ.

“ಅಮ್ಮ, ಇನ್ನೂ ಟೈಮ್ ಅದ,” ಎಂದಳು ಮಯೂರಿ ಟಂಟಂನ ಸದ್ದಿನ ಮೇಲೆ ದನಿಯೇರಿಸಿ. “ನೀ ಬ್ಯಾಡ ಅಂದ್ರ ಬಿಟ್ಟು ಬರೂದು ಬ್ಯಾಡ.”

“ಅದು ನನ್ನ ನಾಯಿ ಅಲ್ಲ, ಮಯೂರಿ. ಅವರ ನಾಯಿ. ನಾ ಬರೇ ರೊಟ್ಟಿ ಹಾಕಾಕಿ,” ಎಂದರು ಲೀಲಾಬಾಯಿ. ಮನಸ್ಸಿನಲ್ಲಿ ಮಾತ್ರ ಒಂದೇ ಆಸೆ ಗುಂಯ್‌ಗುಡುತ್ತಿತ್ತು, ಈ ಎರಡು ದಿನದಲ್ಲಿ ಒಂದೇ ಒಂದು ಸಲ ಈ ನಾಯಿ ತಾನು ಕರೆದಾಗ ತನ್ನ ಕಡೆ ಬರಬೇಕು. ಬಂದರೆ ಮುಂದಿನ ಮಾತು ಬೇರೆ. ಮಗಳೆದುರು ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಮಲಪ್ರಭೆ ಸೊಕ್ಕಿ ಮೆಣಸಗಿಯೊಳಗೆ ನುಗ್ಗಿದ ವರ್ಷ, ಇಳಿದುಹೋಗುವಾಗ ತನ್ನ ಹಿಂದಿನ ಕಾಲದ ಪಾತ್ರದಲ್ಲಿ ಒಂದಿಷ್ಟು ನೀರನ್ನು ಮರೆತು ಹೋಗಿತ್ತು. ಆ ನೀರು ಮತ್ತೆ ಹೊಳೆಗೆ ಸೇರಲಿಲ್ಲ, ಬೇಸಿಗೆಗೂ ಪೂರ್ತಿ ಬತ್ತಲಿಲ್ಲ. ಆಪು ಹುಲ್ಲು ಬೆಳೆಯಿತು, ತಾವರೆ ಬಂತು, ಮೀನು ಬಂದವು, ಮೀನಿನ ಹಿಂದೆ ಹಕ್ಕಿ ಬಂದವು, ಹಕ್ಕಿಯ ಹಿಂದೆ ಕೊರಳಿಗೆ ಕ್ಯಾಮೆರಾ ತೂಗಿಸಿಕೊಂಡ ಮಂದಿ ಬಂದರು. ಊರವರು ಅದನ್ನು ಹಳೇ ಹೊಳೆ ಅನ್ನುತ್ತಾರೆ. ಅದರ ಅಡಿಯಲ್ಲಿ ತೋಟಪ್ಪನ ಅರ್ಧ ಹೊಲ ಮುಳುಗಿತ್ತು. ಉಳಿದ ಅರ್ಧದಲ್ಲಿ ಅವನು ಕಡಲೆ ಬಿತ್ತಿ, ದಂಡೆಯ ಮೇಲೆ ಬಂದವರಿಗಾಗಿ ಎರಡು ಖೋಲಿ ಕಟ್ಟಿಸಿದ್ದ. ಹಕ್ಕಿ ನೋಡಲು ಬರುವವರು ಅವನಿಗೆ ಬೇಕು, ಆದರೆ ಕಡಲೆ ತಿನ್ನುವ ಹಕ್ಕಿ ಬೇಡ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ದೊಡ್ಡ ಬಾತುಗಳು ಹಗಲೆಲ್ಲ ನೀರಿನಲ್ಲಿ ಸಂಭಾವಿತರಂತೆ ತೇಲಿ, ಸಂಜೆಯಾದರೆ ಅವನ ಕಡಲೆಗೆ ಇಳಿಯುತ್ತಿದ್ದವು. ಅದಕ್ಕೇ ಒಂದು ನಾಯಿ ಬೇಕಾಗಿತ್ತು.

“ಬರ್ರಿ ಬಾಯಾರ,” ಎಂದು ತೋಟಪ್ಪ ದಂಡೆಯಿಂದಲೇ ಕೂಗಿದ. ಐವತ್ತರ ಆಸುಪಾಸಿನ ಆಳು, ತಲೆಗೆ ಟವೆಲ್ಲು, ಮೊಣಕಾಲ ತನಕ ಕೆಸರು. “ಇದೇನ್ರಿ ನಮ್ಮ ವಕೀಲ? ಮಾರಿ ಚಲೋ ಐತಿ. ಬಾತುಗೋಳಿಗೆ ನೋಟೀಸ್ ಕೊಡಾಕ ಬೇಸಾತು.”

ವಕೀಲ ಅವನನ್ನು ಮೂಸಿಯೂ ನೋಡದೆ ಸೀದಾ ನೀರಿಗಿಳಿದು, ಹೊಟ್ಟೆಮಟ್ಟದ ನೀರಿನಲ್ಲಿ ನಿಂತು, ಆಚೆ ದಂಡೆಯ ಕಡೆ ನೋಡುತ್ತ ಉಳಿದುಬಿಟ್ಟ. ಹುಟ್ಟಿದಂದಿನಿಂದ ರೋಣದ ಧೂಳು ಬಿಟ್ಟು ಬೇರೆ ಕಂಡವನಲ್ಲ. ಇಷ್ಟು ನೀರು ಒಂದೇ ಕಡೆ ಇರಬಹುದೆಂಬ ಸಂಗತಿ ಅವನಿಗೆ ಒಗ್ಗಲು ಹೊತ್ತು ಹಿಡಿಯಿತು. ಲೀಲಾಬಾಯಿಗೂ ಹಾಗೆಯೇ ಆಗಿತ್ತು. ಅವರೂ ಚಪ್ಪಲಿ ಬಿಟ್ಟು, ಸೀರೆಯ ನಿರಿಗೆ ಎತ್ತಿ ಹಿಡಿದು, ಕಣಕಾಲಷ್ಟು ನೀರಿನಲ್ಲಿ ನಿಂತರು.

ಸಂಜೆ ತೋಟಪ್ಪ ಅವರನ್ನು ಹರಗೋಲಿನಲ್ಲಿ ಕರೆದೊಯ್ದ. ದುಂಡನೆಯ ಬುಟ್ಟಿಯಂಥ ದೋಣಿ, ಮುಂದೆ ಹೋಗುವುದಕ್ಕಿಂತ ತಿರುಗುವುದೇ ಹೆಚ್ಚು. ವಕೀಲ ಒಂದು ಹಾರಿಗೆ ಒಳಗೆ ಬಂದು ನಡುವೆ ಕೂತ. ನೀರಿಗೆ ಸಂಜೆಯ ಬಣ್ಣ ಬಂದಿತ್ತು. ತೋಟಪ್ಪ ಹುಟ್ಟು ಹಾಕುತ್ತ ಕೆಳಗಿನ ಹೊಲವನ್ನು ತೋರಿಸತೊಡಗಿದ.

“ಇದು ನೋಡ್ರಿ, ಇಲ್ಲೆ ನಮ್ಮ ಬದು ಇತ್ತು. ಈಗ ನಾವು ಬದು ದಾಟೀವಿ. ಆ ಒಣಗಿದ ಬೇವಿನ ಗಿಡ ಐತೆಲ್ಲ, ಅದರ ಬುಡಕ ನಮ್ಮಪ್ಪ ಮಧ್ಯಾಹ್ನ ಮಕ್ಕೊಂತಿದ್ದ.”

ಬೇವಿನ ಗಿಡದ ಬೋಳು ಟೊಂಗೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಲೀಲಾಬಾಯಿ ಅಂಚಿನಿಂದ ಬಗ್ಗಿ ನೋಡಿದರು. ನೀರಿನೊಳಗೆ ಹಸಿರು ಎಳೆಗಳು ನಿಧಾನಕ್ಕೆ ಹೊಯ್ದಾಡುತ್ತಿದ್ದವು. ಅವು ಜೋಳದ ಗರಿ, ಕೆಳಗೆ ಯಾರೋ ಇನ್ನೂ ಎಡೆಕುಂಟೆ ಹೊಡೆಯುತ್ತಿದ್ದಾರೆ, ಬೇವಿನ ನೆರಳಲ್ಲಿ ಒಬ್ಬ ಮುದುಕ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗಿದ್ದಾನೆ ಎಂದು ಅನ್ನಿಸಿತು. ಅವನನ್ನು ಎಬ್ಬಿಸಬಾರದೆಂದು ಅವರು ಕಾಲು ಕೂಡ ಸದ್ದಾಗದಂತೆ ಸರಿಸಿದರು. ಹರಗೋಲು ಒಂದು ಸುತ್ತು ತಿರುಗಿತು. ಪಡುವಣ ಮೂಡಣಕ್ಕೆ ಬಂತು, ಮತ್ತೆ ತಿರುಗಿ ತನ್ನ ಜಾಗಕ್ಕೆ ಹೋಯಿತು. ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ ಬಂದೆವು ಎನ್ನುವುದೆಲ್ಲ ಆ ತಿರುಗಾಟದಲ್ಲಿ ಕರಗಿ, ಲೀಲಾಬಾಯಿ ಒಂದು ವರ್ಷದಲ್ಲಿ ಮೊದಲ ಸಲ ಏನನ್ನೂ ಯೋಚಿಸದೆ ಕೂತರು.

ಮರುದಿನವೂ ಅದೇ ಗುಂಗು. ಮಯೂರಿ ದುರ್ಬೀನು ಹಿಡಿದು ದಂಡೆಯುದ್ದಕ್ಕೂ ಅಲೆದಳು. ತೋಟಪ್ಪನ ಹೆಂಡತಿ ಕಳಕವ್ವ ಬಿಸಿಲಿಗೆ ಕೌದಿ ಹಾಸಿಕೊಟ್ಟಳು. “ನೀರ ನೋಡಕೋತ ಕುಂತ್ರ ಹೊತ್ತ ಹೋಗಿದ್ದ ಗೊತ್ತಾಗಂಗಿಲ್ರಿ ಬಾಯಾರ,” ಎಂದು ಒಂದು ಬೊಗಸೆ ಹಸಿಕಡಲೆ ಇಟ್ಟುಹೋದಳು. ಲೀಲಾಬಾಯಿ ಕೌದಿಯ ಮೇಲೆ ಕೂತು ಒಂದೊಂದೇ ಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು. ಮಿಂಚುಳ್ಳಿಯೊಂದು ನೀರಿಗೆ ಬಿತ್ತು, ಎದ್ದಿತು. ತಾವರೆ ಎಲೆಯ ಮೇಲೆ ಉದ್ದ ಬೆರಳಿನ ಹಕ್ಕಿ ಮನೆಯ ಅಂಗಳದಲ್ಲಿ ನಡೆದಂತೆ ನಡೆದುಹೋಯಿತು. ಬಿಸಿಲು ಬೆನ್ನಿಗೆ ಹಿತವಾಗಿ ಕಣ್ಣು ಮುಚ್ಚಿದವು. ತೆರೆದಾಗ ವಕೀಲ ಪಕ್ಕದಲ್ಲೇ ಮಲಗಿದ್ದ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಬೆನ್ನು ಈ ಕಡೆ ಮಾಡಿ.

“ಏ ವಕೀಲ,” ಎಂದರು ಮೆಲ್ಲಗೆ.

ಕಿವಿ ಅಲುಗಲಿಲ್ಲ.

“ಬಾರೋ ಇಲ್ಲೆ.”

ಇಲ್ಲ. ಸುಲಿದ ಕಡಲೆಯನ್ನು ಅಂಗೈಯಲ್ಲಿಟ್ಟು ಚಾಚಿದರು. ವಕೀಲ ಎದ್ದು, ಮೈಮುರಿದು, ಅವರ ಕೈಯನ್ನು ದಾಟಿ ನೀರಿನ ಕಡೆ ಹೋದ. ಲೀಲಾಬಾಯಿ ಆ ಕಡಲೆಯನ್ನು ತಾವೇ ತಿಂದರು. ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಅವಮಾನವಾಯಿತು. ಇಷ್ಟು ವರ್ಷ ರೊಟ್ಟಿ ಹಾಕಿದ ಕೈ ಇದು. ಸತ್ತವರಿಗೆ ನಿಷ್ಠೆ ತೋರಿಸಲಿ, ಬೇಡ ಅಂದವರು ಯಾರು? ಬದುಕಿದ್ದವರ ಕಡೆ ಒಮ್ಮೆ ತಿರುಗಿ ನೋಡಿದರೆ ಇವನ ಗಂಟೇನು ಹೋಗುತ್ತಿತ್ತು?

ಅಂದು ಸಂಜೆ ಬಾತುಗಳು ಕಡಲೆಗೆ ಇಳಿದವು. ತೋಟಪ್ಪ ಬಾಯಿ ತೆರೆಯುವ ಮೊದಲೇ ವಕೀಲ ಬಾಣ ಬಿಟ್ಟಂತೆ ಹೋದ. ಇಡೀ ಹಿಂಡು ಒಂದೇ ಸಲಕ್ಕೆ ಎದ್ದು, ತಲೆಯ ಮೇಲೆ ಸುತ್ತಿ, ಕೂಗುತ್ತ ನೀರಿಗೆ ಹೋಯಿತು. ತೋಟಪ್ಪನ ಮುಖ ಅರಳಿತು. “ಒಂದ ದಿನಕ್ಕ ಕೆಲಸ ಕಲ್ತಬಿಟ್ಟ ನೋಡ್ರಿ. ನೀವು ಏನೂ ಕಾಳಜಿ ಮಾಡಬ್ಯಾಡ್ರಿ, ನನ್ನ ಕೂಡ ರೊಟ್ಟಿ ತಿನ್ನತಾನ,” ಎಂದು ಹೊಸ ಸರಪಳಿಯನ್ನು ಖೋಲಿಯ ಗೂಟಕ್ಕೆ ನೇತುಹಾಕಿದ.

“ನೋಡಮ್ಮ, ಅದಕ್ಕ ಇಲ್ಲೆ ಖುಷಿ ಅದ,” ಎಂದಳು ಮಯೂರಿ. ಅವಳ ದನಿಯಲ್ಲಿ ಖುಷಿ ಇರಲಿಲ್ಲ.

“ಹೌದಲ್ಲ. ಚಲೋ ಆತು,” ಎಂದರು ಲೀಲಾಬಾಯಿ. ಮಗಳಿಗೆ ಮುಖ ಕಾಣಬಾರದೆಂದು ಚಳಿಯ ನೆಪ ಮಾಡಿ ಶಾಲು ಎಳೆದುಕೊಂಡರು.

ಹೊರಡುವ ದಿನ ಬೆಳಗ್ಗೆ ಎದ್ದರೆ ಲೋಕವೇ ಇರಲಿಲ್ಲ. ಮಂಜು ದಂಡೆಯ ತನಕ ಬಂದು ನಿಂತಿತ್ತು. ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಒಂದೂ ತಿಳಿಯದು. ಬೇವಿನ ಗಿಡ ಮೇಲಿನ ಎರಡು ಟೊಂಗೆಯಷ್ಟೇ ಉಳಿದು ಗಾಳಿಯಲ್ಲಿ ತೂಗುತ್ತಿತ್ತು. ಎಲ್ಲೋ ಒಳಗಿಂದ ಬಾತುಗಳ ಗೊಣಗಾಟ ಕೇಳುತ್ತಿತ್ತು, ಪಕ್ಕದ ಮನೆಯಲ್ಲಿ ಹಿರಿಯರು ಮಾತಾಡಿಕೊಂಡ ಹಾಗೆ. ಲೀಲಾಬಾಯಿ ಖೋಲಿಯ ಕಟ್ಟೆಯ ಮೇಲೆ ನಿಂತು ಅದನ್ನು ಕೇಳುತ್ತಿದ್ದಾಗಲೇ ವಕೀಲ ಅವರ ಕಾಲ ಪಕ್ಕದಿಂದ ಎದ್ದು, ದಂಡೆ ಇಳಿದು, ಮಂಜಿನೊಳಗೆ ಹೋದ. ಆಪಿನ ಗರಿಗಳು ಸರಸರ ಅಂದವು, ನೀರು ಚಿಮ್ಮಿದ ಸದ್ದಾಯಿತು, ಬಾತುಗಳು ಗದ್ದಲವೆಬ್ಬಿಸಿ ಹಾರಿದವು. ಆಮೇಲೆ ಒಂದು ಬೊಗಳು. ತುಸು ಹೊತ್ತು ಬಿಟ್ಟು ಇನ್ನೊಂದು, ಈ ಸಲ ದೂರದಿಂದ, ದನಿ ಬದಲಾಗಿ.

ತೋಟಪ್ಪ ಹಲ್ಲುಜ್ಜುತ್ತಿದ್ದವನು ಓಡಿಬಂದ. “ಅತ್ತಾಗ ಹೋದನೇನ್ರಿ? ಅಲ್ಲೆ ಹುದಲ ಐತ್ರಿ. ಎರಿಮಣ್ಣು, ಕಾಲ ಇಟ್ರ ಬಿಡಂಗಿಲ್ಲ. ಹೋದ ವರ್ಷ ಶಿವನಪ್ಪನ ಎತ್ತ ಅಲ್ಲೇ ಹೋತು.” ಹರಗೋಲು ಬಿಡಬೇಕೆಂದರೆ ಎತ್ತ ಕಡೆ ಬಿಡುವುದು? ಬೊಗಳು ಒಮ್ಮೆ ಎಡಗಡೆ ಕೇಳಿದರೆ ಒಮ್ಮೆ ಬಲಗಡೆ. “ಕರೀರಿ, ಎಲ್ಲಾರೂ ಕರೀರಿ. ದನಿ ಕೇಳಿದ ಕಡೆ ತಿರುಗಿದ್ರ ಗಟ್ಟಿನೆಲ ಸಿಗತೈತಿ. ಮುಂದ ಹೋದ ಅಂದ್ರ ಕೈಬಿಟ್ಟಂಗ.”

ಮಯೂರಿ ನೀರಿನ ಅಂಚಿಗೆ ಓಡಿ “ವಕೀಲಾ, ವಕೀಲಾ” ಎಂದು ಕರೆದಳು. ತೋಟಪ್ಪ ಸಿಳ್ಳು ಹಾಕಿದ. ಕಳಕವ್ವ ತಾಟು ತಂದು ಸೌಟಿನಿಂದ ಬಡಿದಳು. ವಕೀಲ ಯಾವುದಕ್ಕೂ ತಿರುಗಲಿಲ್ಲ. ಬೊಗಳು ಇನ್ನೂ ದೂರ ಹೋಯಿತು. ಬೊಗಳುವುದು ನಿಂತು ಕುಂಯ್‌ಗುಟ್ಟುವುದು ಶುರುವಾಯಿತು, ಅದೂ ತಡೆತಡೆದು. ಮಯೂರಿಯ ದನಿ ಒಡೆಯಿತು.

ಲೀಲಾಬಾಯಿ ಮಾತ್ರ ಕರೆಯಲಿಲ್ಲ. ನಾಯಿ ಬರುವುದಿಲ್ಲ, ತಮ್ಮ ಕಣ್ಣೆದುರೇ ಹೋಗುತ್ತದೆ, ಯಜಮಾನರು ಬಿಟ್ಟುಹೋದ ಒಂದು ಜೀವವನ್ನೂ ತಾನು ಉಳಿಸಿಕೊಳ್ಳಲಿಲ್ಲ ಎನ್ನುವುದು ಎದೆಗೆ ಒದ್ದಂತಾಗಿ, ಏನು ಮಾಡುತ್ತಿದ್ದೇನೆಂದು ತಿಳಿಯದೆ ಅವರು ಹಿಂದೆ ಖೋಲಿಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು.

“ಕೇಳಿಸ್ತೇನ್ರೀ...”

ಮಯೂರಿ ಗಕ್ಕನೆ ತಿರುಗಿದಳು. ಅಪ್ಪ ಪಡಸಾಲೆಯಿಂದ “ಬಂದೆ” ಅನ್ನುತ್ತಾರೆ ಎಂದು ಅವಳ ಕಿವಿಯೂ ಒಂದು ಕ್ಷಣ ಕಾಯಿತು.

ನಲವತ್ತು ವರ್ಷದ ಸಂಸಾರದಲ್ಲಿ ಲೀಲಾಬಾಯಿ ಗಂಡನ ಹೆಸರು ಹೇಳಿದವರಲ್ಲ. ಆ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಎಲೆ ಹಾಕಿಯಾಯಿತೆಂದರೂ ಇದೇ ಕರೆ, ಚಹಾ ಆಯಿತೆಂದರೂ ಇದೇ ಕರೆ. ಹಾಲು ಉಕ್ಕಲಿ, ಫ್ಯೂಜು ಹೋಗಲಿ, ಹಿತ್ತಲಲ್ಲಿ ಹಾವು ಬರಲಿ, ಬಾಯಿಗೆ ಬರುತ್ತಿದ್ದದ್ದು ಅದೊಂದೇ. ಯಜಮಾನರು ಹೋದ ಮೇಲೆ ಆ ಮಾತನ್ನು ಆಡುವ ಸಂದರ್ಭವೇ ಬಂದಿರಲಿಲ್ಲ. ಇಂದು ಹೆದರಿಕೆಯಲ್ಲಿ ಅವರು ಕರೆದದ್ದು ನಾಯಿಯನ್ನಲ್ಲ. ನೆರವಿಗೆ ಗಂಡನನ್ನು ಕರೆದಿದ್ದರು.

ಮಂಜಿನೊಳಗೆ ಕುಂಯ್‌ಗುಟ್ಟುವುದು ನಿಂತಿತು.

“ಇನ್ನೊಮ್ಮೆ ಕರೀರಿ ಬಾಯಾರ,” ಎಂದ ತೋಟಪ್ಪ, ಉಸಿರು ಹಿಡಿದು. “ಈ ಕಡೆ ತಿರುಗ್ಯಾನ.”

ಲೀಲಾಬಾಯಿ ತಿರುಗಿ ಕಟ್ಟೆ ಇಳಿದು ದಂಡೆಗೆ ಬಂದರು. ಈ ಸಲ ಅಡಿಗೆಮನೆಯಿಂದ ಪಡಸಾಲೆಗೆ ಕೇಳುವಂತೆ ಎಳೆದು ಕರೆದರು. ಕರೆದು ನಿಂತರು, ಮತ್ತೆ ಕರೆದರು. ಆಪು ಅಲುಗಿತು. ಕೆಸರು ಕಾಲನ್ನು ಬಿಡುವ ಪಚಪಚ ಸದ್ದು ಹತ್ತಿರವಾಗುತ್ತ ಬಂತು. ಮೊದಲು ನೆರೆತ ಮೂತಿ, ಆಮೇಲೆ ಕಿವಿ, ಆಮೇಲೆ ಹೊಟ್ಟೆಯ ತನಕ ಕರಿಮಣ್ಣು ಮೆತ್ತಿಕೊಂಡ ಇಡೀ ವಕೀಲ.

ಆಗ ಲೀಲಾಬಾಯಿಗೆ ಎಲ್ಲ ತಿಳಿಯಿತು. ವಕೀಲ ಎನ್ನುವುದು ಈ ನಾಯಿಗೆ ಕರೆಯುವ ಹೆಸರಾಗಿರಲೇ ಇಲ್ಲ. ಕಾಲಬುಡದಲ್ಲಿ ಬಿದ್ದುಕೊಂಡವನನ್ನು ಜಯತೀರ್ಥರು ಆ ಹೆಸರಿನಿಂದ ಕಿಚಾಯಿಸುತ್ತಿದ್ದರು, ಅಷ್ಟೇ. ಪಕ್ಕದಲ್ಲೇ ಇದ್ದವನನ್ನು ಕರೆಯಬೇಕಾದ ಪ್ರಮೇಯವೆಲ್ಲಿ? ಆ ಮನೆಯಲ್ಲಿ ಎದ್ದು ಬರಬೇಕಾದ ಕರೆ ಒಂದೇ ಇತ್ತು. ಅದಕ್ಕೆ ಕುರ್ಚಿಯ ಮೇಲಿನವರೂ ಏಳುತ್ತಿದ್ದರು, ಬುಡದಲ್ಲಿದ್ದವನೂ ಏಳುತ್ತಿದ್ದ, ಇಬ್ಬರೂ ಕೂಡಿ ಹೊಸ್ತಿಲ ತನಕ ಬರುತ್ತಿದ್ದರು. ಒಂದು ವರ್ಷದಿಂದ ಇವನನ್ನು ಯಾರೂ ಕರೆದೇ ಇರಲಿಲ್ಲ.

ವಕೀಲ ದಂಡೆ ಹತ್ತಿ ನೆಟ್ಟಗೆ ಲೀಲಾಬಾಯಿಯ ಹತ್ತಿರ ಬಂದ. ಮೈ ಝಾಡಿಸಿದ, ಅವರ ಸೀರೆಗೆಲ್ಲ ಕೆಸರು ಸಿಡಿಯಿತು. ಅಲ್ಲಿಗೆ ನಿಲ್ಲಲಿಲ್ಲ. ಹಿಂದಕ್ಕೆ ಹೊರಳಿ, ತಾನು ಬಂದ ದಾರಿಯ ಕಡೆ ಮುಖ ಮಾಡಿ, ಕಿವಿ ನಿಮಿರಿಸಿ ನಿಂತ. ಇನ್ನೊಬ್ಬರು ಬರಬೇಕಿತ್ತಲ್ಲ. ಸ್ವಲ್ಪ ನಿಧಾನ ಅವರು, ಮೂಗಿನ ಮೇಲಿನ ಚಾಳೀಸು ತೆಗೆದಿಟ್ಟು ಏಳುವವರು. ಬಾಲ ಒಂದೆರಡು ಸಲ ಅಲುಗಿತು.

ಲೀಲಾಬಾಯಿಯೂ ಆ ಕಡೆ ನೋಡಿದರು. ಸುಳ್ಳು ಯಾಕೆ ಹೇಳಬೇಕು, ಅಷ್ಟು ದಟ್ಟ ಮಂಜಿನಲ್ಲಿ ಬಂದರೂ ಬಂದಾರು ಎಂದು ಅವರಿಗೂ ಅನ್ನಿಸಿತು. ಇಬ್ಬರೂ ಕಾದರು. ತೋಟಪ್ಪ ಕಳಕವ್ವನ ಕೈಯಿಂದ ತಾಟು ಇಸಗೊಂಡು ಅಡಿಗೆಮನೆಗೆ ನಡೆದ. ಹೋಗುವಾಗ ಗೂಟದ ಮೇಲಿನ ಸರಪಳಿಯನ್ನೂ ತೆಗೆದುಕೊಂಡು ಒಳಗಿಟ್ಟ.

ಊರವರು ಹೇಳಿದ್ದರು, ಪುರೋಹಿತರು ಹೇಳಿದ್ದರು, ಹನ್ನೆರಡು ತಿಂಗಳು ತಿಥಿ ಮಾಡಿಸಿದ್ದರು. ಲೀಲಾಬಾಯಿ ಮಾತ್ರ ಆ ಮಾತನ್ನು ಇಲ್ಲಿಯ ತನಕ ತಮ್ಮ ಬಾಯಿಂದ ಆಡಿರಲಿಲ್ಲ. ಮೊಣಕಾಲು ನೋವನ್ನು ಮರೆತು ಅವರು ಕೆಸರಿನಲ್ಲೇ ಕುಕ್ಕರಿಸಿ ಕೂತರು. ನಾಯಿಯ ಒದ್ದೆ ಕತ್ತಿನ ಸುತ್ತ ಎರಡೂ ಕೈ ಹಾಕಿದರು. ಒಳಗೆ ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

“ಅವರು ಬರೂದಿಲ್ಲೋ,” ಎಂದರು. ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ, ಮಗುವಿಗೆ ಬಿಡಿಸಿ ಹೇಳುವಂತೆ ಹೇಳಿದರು: “ಇನ್ನ ಮ್ಯಾಲೆ ನಾ ಕರದ್ರ ನೀ ಒಬ್ಬನ ಬರಬೇಕು.”